ಮರಿಯ ಹೊಟ್ಟೆ ಹಗುರಾದ ದಿನ

ನಮ್ಮ ಮರಿ ಕಕ್ಕ ಮಾಡಿತು!

ಇವತ್ತು ಬೆಳಗ್ಗೆ, ನಾನು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ, ನನ್ನ ಕಣ್ಣೆದುರಿಗೇ ಮಾಡಿತು. ನಗುವವರು ನಗಲಿ. ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಆಯಮ್ಮನ ಕೈ ಹಿಡಿದು ಕುಣಿದಿದ್ದೆ. ಇವತ್ತು ಹಿಡಿಯಲು ಯಾರ ಕೈಯೂ ಸಿಗಲಿಲ್ಲ, ಸೊಪ್ಪಿನ ಕಟ್ಟನ್ನೇ ಎದೆಗೊತ್ತಿಕೊಂಡು ಕುಣಿದೆ. ಮಂಡಿ ನೋವು ನೆನಪಿಗೇ ಬರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೂ ಇದನ್ನು ಬರೆದಿಡದೆ ಇದ್ದರೆ ನನಗೆ ಸಮಾಧಾನವಿಲ್ಲ.

ಮರಿ ಎಂದರೆ ಮಗುವಲ್ಲ, ಫೆರೆಟ್ ಎಂಬ ಪ್ರಾಣಿ. ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಾಡಿಗೆ ಬಳಿದಂತೆ ಕಪ್ಪು. ಮೊಮ್ಮಗಳ ಗೆಳತಿಯೊಬ್ಬಳು ಪಿಜಿ ಬದಲಾಯಿಸಿದಾಗ ಹೊಸ ಜಾಗದಲ್ಲಿ ಪ್ರಾಣಿ ಇಟ್ಟುಕೊಳ್ಳಲು ಬಿಡಲಿಲ್ಲ, ಹಾಗಾಗಿ ನಮ್ಮ ಮನೆ ಸೇರಿತು. ವಿಜಯನಗರದ ನಮ್ಮ ಬೀದಿಯವರಿಗೆ ಅದು ಮುಂಗುಸಿಯೇ. ಬೆಳಗ್ಗೆ ಮುಂಗುಸಿ ಕಂಡರೆ ಹೋದ ಕೆಲಸ ಆಗುತ್ತದೆಂದು ಇಬ್ಬರು ಮೂವರು ನಮ್ಮ ಗೇಟಿನಲ್ಲಿ ಇಣುಕಿಯೇ ಆಫೀಸಿಗೆ ಹೋಗುತ್ತಿದ್ದರು. ಮನೆಯಲ್ಲಿ ಇರುವುದು ನಾನು, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಸೊಸೆಗೆ ಮಾತ್ರ ಅದರ ವಾಸನೆ ಆಗುತ್ತಿರಲಿಲ್ಲ. "ಅತ್ತೆ, ಇದಕ್ಕೆ ಸ್ನಾನ ಮಾಡಿಸಿದ್ರೂ ನಾರುತ್ತೆ, ಮಾಡಿಸ್ದೆ ಇದ್ರೂ ನಾರುತ್ತೆ" ಎಂದು ಮೂಗು ಹಿಡಿದೇ ಓಡಾಡುತ್ತಿದ್ದಳು.

ಆಷಾಢ ಕಳೆದು ಶ್ರಾವಣ ಹುಟ್ಟುವ ಹೊತ್ತಿಗೆ ಮರಿ ಊಟ ಬಿಟ್ಟಿತು. ಹಲ್ಲು ಕಡಿಯುತ್ತಿತ್ತು, ಹೊಟ್ಟೆಯನ್ನು ತಣ್ಣನೆ ನೆಲಕ್ಕೆ ಒತ್ತಿ ಮಲಗುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಊರುಗೋಲಿನ ಬುಡದ ರಬ್ಬರ್ ಟೋಪಿ ಕಾಣೆಯಾಗಿತ್ತು. ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲಲ್ಲೇ ಕಳೆದುಹೋಯಿತೆಂದು ನಾನು ಮೆಟ್ರೋದವರಿಗೆಲ್ಲ ಬೈದು ಸುಮ್ಮನಾಗಿದ್ದೆ. ಹತ್ತಿರದ ಡಾಕ್ಟರು ನಾಯಿ, ಬೆಕ್ಕು ಬಿಟ್ಟು ಬೇರೇನೂ ನೋಡುವುದಿಲ್ಲವೆಂದರು. ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮನನ್ನು ಹುಡುಕಿಕೊಂಡು ಊರಿನ ಆ ತುದಿಗೆ ಹೋದೆವು. ಅವರು ಹೊಟ್ಟೆ ಕೊಯ್ದು, ಕರುಳಿನಿಂದ ತೆಗೆದದ್ದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ತೋರಿಸಿದರು. ನನ್ನ ಕೋಲಿನ ಟೋಪಿಯ ಚೂರುಗಳು.

"ಅಮ್ಮ, ಮೆಟ್ರೋದವ್ರನ್ನ ಸುಮ್ನೆ ಬೈದೆ ನೀನು" ಎಂದ ಮಗ. 

ಡಾಕ್ಟರಮ್ಮ ನನ್ನ ಪಕ್ಕದಲ್ಲೇ ಕೂತು ಹೇಳಿದರು: "ಕರುಳು ಹೊಲ್ದಿದೀನಿ ಅಮ್ಮ. ಅದು ಮತ್ತೆ ಕೆಲ್ಸ ಶುರು ಮಾಡ್ಬೇಕು. ತಿಂದಿದ್ದು ಹೊರಗೆ ಬಂದ್ರೆ ಗೆದ್ದ ಹಾಗೆ. ಬರ್ಲಿಲ್ಲ ಅಂದ್ರೆ ಮತ್ತೆ ಹೊಟ್ಟೆ ಕೊಯ್ಬೇಕಾಗುತ್ತೆ. ಇಷ್ಟು ಚಿಕ್ಕ ಜೀವ ಇನ್ನೊಂದ್ಸಲ ತಡ್ಕೊಳುತ್ತೆ ಅಂತ ನಾನು ಹೇಳಲಾರೆ."

ಅವತ್ತಿನಿಂದ ನಮ್ಮ ಮನೆಗೆ ಅದೊಂದೇ ಧ್ಯಾನ. ಮೂವರೂ ಹೊರಗೆ ಹೋಗುವವರು, ಹಗಲಿನ ಕಾವಲು ನನ್ನದು. ಎಷ್ಟೋ ಬಾಣಂತನ ಮಾಡಿದ ಕೈ ಇದು, ಹೊಟ್ಟೆ ಕೊಯ್ದ ಜೀವಕ್ಕೆ ಗಾಳಿ ತಾಗಬಾರದೆಂದು ಕಂಬಳಿ ಸುತ್ತಿದೆ. ಮರಿ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಕೆಲಸಕ್ಕೆ ಹೊರಟಿದ್ದ ಸೊಸೆ ಓಡಿಬಂದು ಕಂಬಳಿ ಕಿತ್ತಳು. "ಅತ್ತೆ, ಇದು ಬಾಣಂತಿ ಅಲ್ಲ! ಇದಕ್ಕೆ ಸೆಕೆ ಆಗ್ಬಾರ್ದು ಅಂತ ಡಾಕ್ಟ್ರು ಬಡ್ಕೊಂಡ್ರಲ್ಲ!" ಹೊಲಿಗೆ ನೆಕ್ಕದಿರಲೆಂದು ಕುತ್ತಿಗೆಗೆ ಹಾಕಿದ ಪ್ಲಾಸ್ಟಿಕ್ ಬುಟ್ಟಿಯೂ ನಿಲ್ಲಲಿಲ್ಲ. ಅದರ ತಲೆಯೂ ಕುತ್ತಿಗೆಯೂ ಒಂದೇ ದಪ್ಪ, ಜಾರಿಸಿಕೊಂಡು ಬಂದುಬಿಡುತ್ತಿತ್ತು. ಕೊನೆಗೆ ಸೊಸೆಯೇ ತನ್ನ ಹಳೆಯ ರವಿಕೆಯ ತೋಳು ಕತ್ತರಿಸಿ, ಕಾಲಿಗೆ ತೂತು ಮಾಡಿ ಅಂಗಿಯ ಹಾಗೆ ತೊಡಿಸಿದಳು. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ.

ಇನ್ನು ಊಟದ ಕಷ್ಟ. ಶ್ರಾವಣದಲ್ಲಿ ನಮ್ಮ ಮನೆಯೊಳಗೆ ಮಾಂಸ ಬೇಯುವುದಿಲ್ಲ. ಮರಿಯೋ ಮಾಂಸ ಬಿಟ್ಟು ಬೇರೆ ತಿಂದು ಬದುಕುವ ಜೀವವಲ್ಲ. ಬ್ಯಾಗನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೋಳಿ ಅಂಗಡಿಗೆ ಹೋದೆ.

"ಏನಜ್ಜಿ, ಈ ಸಲ ಶ್ರಾವಣ ಇಲ್ವಾ?" ಎಂದ ಅಂಗಡಿಯವನು.

"ನಮಗಲ್ಲ ಕಣಪ್ಪ. ಮನೇಲಿ ಮರಿಗೆ ಆಪರೇಷನ್ ಆಗೈತೆ, ಸೂಪಿಗೆ."

"ಶ್ರಾವಣ ಬಂದ್ರೆ ಸಾಕು, ಎಲ್ರೂ ನಾಯಿಗೆ ಅಂತಾರೆ, ಮರಿಗೆ ಅಂತಾರೆ. ಆಮೇಲೆ 'ಸ್ವಲ್ಪ ಲಿವರ್ ಜಾಸ್ತಿ ಹಾಕು' ಅಂತಾರೆ!"

"ಲಿವರ್ ನೀನೇ ಮಡಿಕ್ಕೊ. ನಂಗೆ ಮೂಳೆ ತೆಗ್ದು ಕೊಡು ಸಾಕು."

ಅವನು ನನ್ನ ಮುಖ ನೋಡಿದ. ಆಮೇಲೆ ಎದೆ ಮಾಂಸವನ್ನು ಸಣ್ಣಗೆ ಹೆಚ್ಚಿ ಕೊಟ್ಟ.

ಹಿತ್ತಲ ಬಟ್ಟೆ ಒಗೆಯುವ ಜಾಗದಲ್ಲಿ ಬೇರೆ ಒಲೆ ಇಟ್ಟು ಬೇಯಿಸಿದೆ. ಚಟ್ನಿ ರುಬ್ಬುವ ಮಿಕ್ಸಿ ಜಾರನ್ನು ಸೊಸೆ ಕೊಡಲಿಲ್ಲ, ಅದು ನ್ಯಾಯವೇ. ನನಗೆ ಹಲ್ಲಿಲ್ಲದ್ದರಿಂದ ಎಲೆ ಅಡಿಕೆ ಕುಟ್ಟಿಕೊಳ್ಳುವ ಕುಟ್ಟಾಣಿ ಒಂದಿತ್ತು. ಅದರಲ್ಲೇ ಮಾಂಸ ಕುಟ್ಟಿ ನುಣ್ಣಗೆ ಮಾಡಿದೆ. ನಾನು ಎಲೆ ಅಡಿಕೆಯನ್ನೇ ಬಿಟ್ಟೆ, ಅದು ನನ್ನ ಶ್ರಾವಣ. ಬೆರಳ ತುದಿಯಲ್ಲಿ ಹಚ್ಚಿದರೆ ಮರಿ ಒಂದು ಸಲ ನೆಕ್ಕುತ್ತಿತ್ತು, ಮುಖ ತಿರುಗಿಸುತ್ತಿತ್ತು. ಸಿರಿಂಜಿನಲ್ಲಿ ಹಾಕಿದರೆ ಅರ್ಧ ನನ್ನ ಸೀರೆಗೆ.

ಒಂದು ಮಧ್ಯಾಹ್ನ ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅಲುಗಾಡಿಸಿದೆ, ಕರೆದೆ, ಇಲ್ಲ. ಮೊಮ್ಮಗಳಿಗೆ ಫೋನ್ ಮಾಡಿ, "ಮರಿ ಏಳ್ತಾನೇ ಇಲ್ಲ ಕಣವ್ವ" ಎಂದೆ. ಅವಳು, "ಅಜ್ಜಿ, ಇವು ಹೀಗೇ ಸತ್ತ ಹಾಗೆ ನಿದ್ದೆ ಮಾಡ್ತವೆ. ಮೂಗಿಗೆ ಸೂಪ್ ಹಚ್ಚು, ಬೇಗ ಹಚ್ಚು" ಎಂದಳು. ಹಚ್ಚಿದೆ. ಸುಮಾರು ಹೊತ್ತಿನ ಮೇಲೆ ನಾಲಿಗೆ ಹೊರಗೆ ಬಂತು. ಆಮೇಲೆ ಫೋನಿನ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಅತ್ತೆವು.

ನನಗೆ ಮರಿಗಿಂತ ಅವಳದೇ ಯೋಚನೆಯಾಗಿತ್ತು. ಕಾಲೇಜಿನಿಂದ ಬಂದವಳೇ ಗೂಡಿನ ಪಕ್ಕ ಕೂತುಬಿಡುತ್ತಿದ್ದಳು. ತಟ್ಟೆ ಮುಂದಿಟ್ಟರೆ, "ಅದು ತಿನ್ಲಿ ಅಜ್ಜಿ, ಆಮೇಲೆ." ಅವಳ ಕೆನ್ನೆ ಇಳಿದುಹೋಯಿತು. ಮಗ ನಿಂತುಕೊಂಡೇ ಉಣ್ಣುತ್ತಿದ್ದ, ಸೊಸೆ ಅಡುಗೆಮನೆಯಲ್ಲೇ ಮುಗಿಸುತ್ತಿದ್ದಳು. ನಾಲ್ಕು ತಟ್ಟೆ ಒಟ್ಟಿಗೆ ಹಾಕುವುದು ನಿಂತೇಹೋಯಿತು. ಸಂಜೆ ಬಾಗಿಲು ತೆಗೆದರೆ ಚಪ್ಪಲಿ ಬಿಡುವ ಮೊದಲೇ ಒಬ್ಬೊಬ್ಬರದೂ ಒಂದೇ ಪ್ರಶ್ನೆ, "ಆಯ್ತಾ?" ನಾನು ತಲೆಯಾಡಿಸುತ್ತಿದ್ದೆ. ಡಾಕ್ಟರಮ್ಮ ನಾಳೆ ಕರೆದುಕೊಂಡು ಬನ್ನಿ, ಮತ್ತೆ ಕೊಯ್ಯಬೇಕೋ ಏನೋ ನೋಡೋಣ ಎಂದಿದ್ದರು. ನಾಳೆಯ ಪ್ರಯಾಣಕ್ಕೆಂದು ಮಗ ನಿನ್ನೆ ರಾತ್ರಿಯೇ ಮರಿಯ ಗೂಡಿಗೆ ಹೊಸ ಟವಲ್ ಹಾಸಿ ಸಿದ್ಧ ಮಾಡಿಟ್ಟಿದ್ದ. ಆ ಟವಲ್ ನೋಡಲು ನನ್ನಿಂದ ಆಗಲಿಲ್ಲ.

ಇವತ್ತು ಬೆಳಗ್ಗೆ ಎಲ್ಲರೂ ಹೋದ ಮೇಲೆ ಸೊಪ್ಪು ಹಿಡಿದು ಕೂತೆ. ಮರಿ ಎದ್ದಿತು. ರವಿಕೆ ತೋಳಿನ ಅಂಗಿಯಲ್ಲಿ ತೂರಾಡುತ್ತಾ ಹೊರಗೆ ಬಂತು. ನಿಂತು, ಹಿಂದೆ ಹಿಂದೆ ನಡೆಯಿತು. ಆ ಜಾತಿಯ ನಡೆ ನನಗೆ ಗೊತ್ತು, ಹಿಂದಕ್ಕೆ ನಡೆದು ಮೂಲೆ ಸೇರಿ ಬಾಲ ಎತ್ತಿದರೆ ಅದಕ್ಕೇ. ಬಾಲ ಎತ್ತಿತು. "ತಿಣುಕು ನನ್ನಪ್ಪ, ತಿಣುಕು" ಎಂದು ನಾನೇ ತಿಣುಕಿದೆ. ಹಾಸಿದ ಪೇಪರಿನ ಮೇಲೆ ಬಿತ್ತು. ಸ್ವಲ್ಪವೇ. ನಾನು ಕೂಗಿದ ಕೂಗಿಗೆ ಮಹಡಿಯ ಮೇಲೆ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಹುಡುಗಿ ಓಡಿಬಂದಳು.

"ಏನಾತ್ರೀ ಅಜ್ಜಿ? ಬಿದ್ರೇನು?"

"ಇಲ್ಲ ಕಣವ್ವ, ಮರಿ ಮಾಡ್ತು!"

"ಏನ್ ಮಾಡ್ತ್ರೀ?"

ಕೋಲಿನಿಂದ ಮೂಲೆ ತೋರಿಸಿದೆ.

"ಅಯ್ಯ ಶಿವನ! ಇದಕ್ಕ ಇಷ್ಟ್ ಒದರಿದ್ರೇನ್ರೀ? ನಾ ಗ್ಯಾಸ್ ಮ್ಯಾಲ ಹಾಲಿಟ್ಟು ಓಡಿ ಬಂದೇನ್ರೀ!"

ಮೊಮ್ಮಗಳು ಫೋನ್ ಎತ್ತಲಿಲ್ಲ, ಕ್ಲಾಸಿನಲ್ಲಿದ್ದಳೇನೋ. ಸೊಸೆ ಎತ್ತಿದಳು. "ನಿಜವಾಗ್ಲೂನಾ ಅತ್ತೆ? ಫೋಟೋ ಕಳ್ಸಿ" ಎಂದಳು! ಮೂಗು ಹಿಡಿಯುತ್ತಿದ್ದ ಸೊಸೆ! ನನಗೆ ಫೋಟೋ ತೆಗೆಯಲು ಬಾರದು, ಮೇಲಿನ ಹುಡುಗಿಯೇ ಮೂಗಿಗೆ ಸೆರಗು ಮುಚ್ಚಿಕೊಂಡು ತೆಗೆದು ಕಳಿಸಿದಳು. ಅದೇ ಫೋಟೋ ಡಾಕ್ಟರಮ್ಮನಿಗೂ ಹೋಯಿತು. ನಾಳೆ ಬರುವುದು ಬೇಡ, ಹೊಲಿಗೆ ಬಿಚ್ಚುವವರೆಗೆ ಹುಷಾರು ಎಂದರಂತೆ. ಭಯ ಪೂರಾ ಹೋಗಿಲ್ಲ. ಆದರೂ.

ಸಂಜೆ ಆ ದಂಟಿನ ಸೊಪ್ಪಿನದೇ ಬಸ್ಸಾರು ಮಾಡಿ ಮುದ್ದೆ ಕಟ್ಟಿದೆ. ನಾಲ್ಕು ತಟ್ಟೆ ಒಟ್ಟಿಗೆ ಹಾಕಿದೆ. ಮರಿ ಮೊಮ್ಮಗಳ ಮಡಿಲಲ್ಲಿ ಕೂತು ಚಮಚದಿಂದ ಸೂಪು ನೆಕ್ಕುತ್ತಿತ್ತು. ಊಟಕ್ಕೆ ಕೂತಾಗ ಅಂಥ ಮಾತು ಆಡಬಾರದೆಂಬುದು ನಮ್ಮ ಮನೆಯಲ್ಲಿ ಸೊಸೆಯೇ ಮಾಡಿದ ಕಟ್ಟಳೆ. ಮುದ್ದೆ ಮುರಿಯುತ್ತಾ ಅವಳೇ ಶುರು ಮಾಡಿದಳು.

"ಅಲ್ಲ ಅತ್ತೆ, ಫೋಟೋದಲ್ಲಿ ಬಣ್ಣ ಸರಿಯಾಗಿ ಕಾಣ್ಲಿಲ್ಲ. ಗಟ್ಟಿ ಇತ್ತಾ?"

"ಊಟ ಮಾಡ್ತಾ ಇದೀವಿ ಕಣೇ!" ಎಂದ ಮಗ.

"ನೀವು ಸುಮ್ನೆ ತಿನ್ನಿ. ಹೇಳಿ ಅತ್ತೆ, ಮೊದ್ಲಿಂದ ಹೇಳಿ."

ನಾನು ಮೊದಲಿನಿಂದ ಹೇಳಿದೆ. ಹಿಂದೆ ಹಿಂದೆ ನಡೆದದ್ದನ್ನು ಕೂತಲ್ಲೇ ಮಾಡಿ ತೋರಿಸಿದೆ. ಮೊಮ್ಮಗಳು ನಕ್ಕೂ ನಕ್ಕೂ ಕೆಮ್ಮಿದಳು, ನೀರು ಕುಡಿದಳು, ತಟ್ಟೆ ನನ್ನ ಕಡೆ ತಳ್ಳಿದಳು.

"ಅಜ್ಜಿ, ಇನ್ನೊಂದು ಮುದ್ದೆ ಇದ್ಯಾ?"