ಲಿಂಡೆನ್‌ರೋಡೆಯ ಗಡಿಯಾರ ನಿಲ್ಲಿಸುವ ಫ್ರೌ ಟೀಲೆ

ನಾನು ಕುಂಟ್ಸೆ, ಬಸ್ ಚಾಲಕ. ಭಾನುವಾರ ನಗರದ ನಿವೃತ್ತರನ್ನು ಲಿಂಡೆನ್‌ರೋಡೆಗೆ ಕರೆತಂದು ಸಂಜೆ ವಾಪಸು ಬಿಡುತ್ತೇನೆ. ಮರದ ತೊಲೆಯ ಹಳೆಯ ಮನೆಗಳು, ಒಂದು ಬೇಕರಿ, ಭಾನುವಾರ ಯಾರಾದರೂ ಜೋರಾಗಿ ಕೆಮ್ಮಿದರೂ ಕಿಟಕಿ ತೆರೆದು ದುರುಗುಟ್ಟುವ ಜನ, ಪುರಸಭೆಯ ಗೋಪುರದ ಗಡಿಯಾರ. ಊರೆಂದರೆ ಇಷ್ಟೇ. ಆ ಗಡಿಯಾರಕ್ಕೆ ಕೀಲಿ ಕೊಡುವವರು ಫ್ರೌ ಟೀಲೆ, ಎಪ್ಪತ್ತೆಂಟರ ಹೆಂಗಸು. ಅಪ್ಪ ತೀರಿಕೊಂಡಾಗಿನಿಂದ, ಅಂದರೆ ನಲವತ್ತಾರು ವರ್ಷದಿಂದ, ದಿನಕ್ಕೊಮ್ಮೆ ನೂರ ಹನ್ನೆರಡು ಮೆಟ್ಟಿಲು ಹತ್ತುತ್ತಾರೆ.

ಹೋದ ಅಕ್ಟೋಬರಿನ ಕೊನೆಯ ಭಾನುವಾರ ನಾವು ಬಂದಿಳಿದಾಗ ಗೋಪುರ ಹತ್ತು ಬಾರಿಸಿತು. ನನ್ನ ಕೈಗಡಿಯಾರವೂ ಅದನ್ನೇ ಹೇಳುತ್ತಿತ್ತು. ಹತ್ತೂವರೆಯ ಗಂಟೆ ಕೇಳಿದ ಕೂಡಲೇ ಚೌಕದಲ್ಲಿ ಸೇರಿ ಎಂದು ಬಸ್ಸಿನವರಿಗೆ ಹೇಳಿದೆ. ಹತ್ತೂವರೆ ದಾಟಿದರೂ ಗೋಪುರ ಉಸಿರೆತ್ತಲಿಲ್ಲ. ಮುಳ್ಳು ಹತ್ತರಲ್ಲೇ ಕೂತಿತ್ತು. ನನಗೆ ಸಿಟ್ಟು ಬರಲು ಇಷ್ಟೆಲ್ಲ ಬೇಕಿಲ್ಲ. ಬೈಯಲೆಂದೇ ಧಡಧಡ ಹತ್ತಿದೆ.

ಎಂಬತ್ತನೆಯ ಮೆಟ್ಟಿಲಲ್ಲಿ ಫ್ರೌ ಟೀಲೆ ಕಾಲು ಚಾಚಿ ಕೂತಿದ್ದರು. ಗಡಿಯಾರ ಸತ್ತಿದೆಯಾ ಎಂದು ಕೂಗಿದೆ. ಅವರು ನನ್ನ ಮಣಿಕಟ್ಟು ನೋಡಿದರು.

“ಹಿಂದಕ್ಕೆ ತಿರುಗಿಸ್ಲಿಲ್ವಾ ಹೆರ್ ಕುಂಟ್ಸೆ? ಈಗಿನ್ನೂ ಒಂಬತ್ತೂವರೆ. ಇಡೀ ದೇಶಕ್ಕೇ ಗೊತ್ತು, ನಿಮ್ಮೊಬ್ರನ್ನ ಬಿಟ್ಟು.”

ಬೇಸಿಗೆಗೆಂದು ಮಾರ್ಚಿನಲ್ಲಿ ಮುಂದಿಟ್ಟ ಗಡಿಯಾರವನ್ನು ಎಲ್ಲರೂ ಚಳಿಗಾಲಕ್ಕೆ ಒಂದು ಗಂಟೆ ಹಿಂದಕ್ಕೆ ಇಡುವ ದಿನ ಅದು. ಬೆಳಿಗ್ಗೆ ನನ್ನನ್ನು ಎಬ್ಬಿಸಿದ ಫೋನು ತಾನಾಗಿ ಬದಲಾಗಿತ್ತು, ಕೈಗಡಿಯಾರವನ್ನು ನಾನು ಮುಟ್ಟಿರಲಿಲ್ಲ. ಗೋಪುರದ್ದನ್ನು ಹಿಂದಕ್ಕೆ ತಿರುಗಿಸಿದರೆ ಹಲ್ಲುಚಕ್ರ ಮುರಿಯುತ್ತದೆ. ಹಾಗಾಗಿ ಫ್ರೌ ಟೀಲೆ ಹತ್ತು ಬಾರಿಸಿದ ಮೇಲೆ ಲೋಲಕವನ್ನು ಒಂದು ಬದಿಗೆ ಎಳೆದು ಕಟ್ಟಿ, ಒಂದು ಗಂಟೆ ಕಾದು ಬಿಡುತ್ತಾರೆ. ಅಂದು ಕೆಳಗೆ ಮರೆತಿದ್ದ ಕಾಫಿ ಫ್ಲಾಸ್ಕಿಗೆಂದು ಇಳಿಯುವಾಗ ಮಂಡಿ ಹಿಡಿದುಕೊಂಡಿತ್ತು. ಅದರ ಹಿಂದಿನ ವರ್ಷ ಮೂರು ನಿಮಿಷ ತಡವಾಗಿದ್ದಕ್ಕೆ ಪುರಸಭೆಯವರು ಎಚ್ಚರಿಸಿದ್ದರಂತೆ: ಇನ್ನೊಂದು ಸಲ ತಪ್ಪಿದರೆ ವಿದ್ಯುತ್ ಮೋಟಾರು, ಆಮೇಲೆ ನಿಮ್ಮ ಕೆಲಸವಿಲ್ಲ.

ಮೇಲಕ್ಕೆ ಹೊತ್ತೊಯ್ಯುತ್ತೇನೆ ಎಂದೆ. ಬೇಡವೆಂದರು. ಸಿಟ್ಟಿನಲ್ಲೇ ಬೆನ್ನಿಗೆ ಹಾಕಿಕೊಂಡೆ. ದಾರಿಯುದ್ದಕ್ಕೂ ನನ್ನ ಬೂಟಿನ ಸದ್ದಿಗೆ ಬೈದರು.

ಮೇಲಿನ ಕೋಣೆಯಲ್ಲಿ ನನ್ನೆತ್ತರದ ಕಬ್ಬಿಣದ ಚಕ್ರಗಳು ಎಣ್ಣೆಯಲ್ಲಿ ಮಿನುಗುತ್ತಾ ನಿಂತಿದ್ದವು. ಒಂದು ಹಲ್ಲಿಗೂ ತುಕ್ಕಿಲ್ಲ. ಇಪ್ಪತ್ತು ವರ್ಷ ಇದರ ಕೆಳಗೇ ಬಸ್ ನಿಲ್ಲಿಸಿಕೊಂಡು ಗೊಣಗಿದ್ದೆನಲ್ಲ ಎನಿಸಿತು. ಫ್ರೌ ಟೀಲೆ ಸಣ್ಣ ರೇಡಿಯೋ ಹಚ್ಚಿ ಸ್ಟೂಲಿನಲ್ಲಿ ಕೂತರು. ಬಗ್ಗಲಾಗದ್ದರಿಂದ ಲೋಲಕದ ಹಗ್ಗವನ್ನು ನನ್ನ ಕೈಗಿತ್ತರು. ಹತ್ತಕ್ಕೆ ಸರಿಯಾಗಿ ರೇಡಿಯೋ ಕುಯ್ಯೆಂದಿತು.

“ತಳ್ಬೇಡಿ. ಸುಮ್ನೆ ಬಿಡಿ.”

ಬಿಟ್ಟೆ. ಆ ಭಾರ ತಾನಾಗಿಯೇ ಅತ್ತ ಸರಿಯಿತು, ಇತ್ತ ಬಂತು. ಕಾಲಡಿಯ ಹಲಗೆಯವರೆಗೂ ಆ ಮಿಡಿತ ಇಳಿಯಿತು. ನನ್ನ ಮೈ ಜುಮ್ಮೆಂದಿತು. ಒಂದು ಸೆಕೆಂಡೂ ತಪ್ಪಿರಲಿಲ್ಲ. ಫ್ರೌ ಟೀಲೆ ಕಣ್ಣು ಮುಚ್ಚಿ, ತಲೆದೂಗುತ್ತಾ ಕೇಳುತ್ತಿದ್ದರು.

ಕೆಳಗಿಳಿಸಿದಾಗ ಕೋಟು ಸರಿಮಾಡಿಕೊಂಡು ಅಂದರು: “ಮಾರ್ಚಲ್ಲೂ ಬನ್ನಿ. ಆವಾಗ ಮುಳ್ಳನ್ನ ಮುಂದಕ್ಕೆ ಓಡಿಸ್ಬೇಕು. ಅದು ನಿಮ್ಮಂಥ ಅವಸರದವ್ರ ಕೆಲಸ.”