ಓದಿ ಮುಗಿಸಿಯೇ ಕೊಟ್ಟ ಕಾದಂಬರಿ

“ಇದನ್ನ ಇಲ್ಲೇ ಬಿಟ್ಟು ಹೋಗ್ರಿ, ಅಕ್ಕಾರ,” ಎಂದು ಗಡಿ ನಾಕೆಯ ಜವಾನ ನನ್ನ ಕೈಯಲ್ಲಿದ್ದ ಕಾದಂಬರಿಗೆ ಕೈಚಾಚಿದ. ಆಗ ಗಂಗಾವತಿಯ ಕಡೆ ನಿಜಾಮರ ಆಳ್ವಿಕೆ, ಹೊಸಪೇಟೆಯ ಕಡೆ ಬ್ರಿಟಿಷರದು; ನಡುವಿನ ಹೊಳೆಯೇ ಗಡಿ. ಅಣ್ಣನೊಂದಿಗೆ ಹೊಸಪೇಟೆಯ ಕಡೆಯಿಂದ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ಗಂಗಾವತಿಗೆ ಹೊರಟಿದ್ದೆ. ಆಚೆ ದಂಡೆಯ ಕನ್ನಡ ಪುಸ್ತಕವೆಂದರೆ ಜವಾನನಿಗೆ ಅನುಮಾನ. ಕನ್ನಡ ಓದಲು ಮಾತ್ರ ಬಾರದು.

“ಇನ್ನೂ ಹತ್ತು ಪುಟ ಉಳದಾವ್ರಿ. ಓದಿ ಮುಗಿಸಿ ಕೊಡತೀನಿ,” ಎಂದೆ.

“ಸುಮ್ನ ಕೊಟ್ಟಬಿಡು, ತಂಗಿ,” ಎಂದ ಅಣ್ಣ.

ನಾನು ಟ್ರಂಕಿನ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದೆ. ಆವರೆಗೆ ನಾನು ಓದಿದ ಕಾದಂಬರಿಗಳಲ್ಲೆಲ್ಲ ವಿಧವೆ ಕೊನೆಗೆ ಬಾವಿಗೆ ಬೀಳುತ್ತಿದ್ದಳು. ಇದರಲ್ಲಿ ಅವಳು ಓದು ಕಲಿತು ಶಿಕ್ಷಕಿಯಾಗುತ್ತಾಳೆ. ನಾನೂ ವಿಧವೆಯೇ. ಹರಿಗೋಲಿನವರು ಹುಟ್ಟು ಕೆಳಗಿಟ್ಟು ಕೇಳಿದರು. ಜವಾನ ಬೀಡಿ ಆರಿದ್ದನ್ನೂ ಗಮನಿಸದೆ ನಿಂತಿದ್ದ.

ಮುಗಿಸಿ ಪುಸ್ತಕ ಕೊಟ್ಟೆ. “ಇಂಥಾವು ಮತ್ತ ತರಬ್ಯಾಡ್ರಿ,” ಎಂದ.

“ಎರಡನೇ ಭಾಗ ದೀಪಾವಳಿಗೆ ಬರ್ತೈತಂತ. ತರತೀನ್ರಿ,” ಎಂದೆ.

ಆ ಪುಸ್ತಕ ಮರಳಿ ಸಿಗಲಿಲ್ಲ. ಆದರೆ ಅಡುಗೆಮನೆಯಲ್ಲಿ ಕದ್ದು ಓದುತ್ತಿದ್ದ ನಾನು ಅಂದಿನಿಂದ ಮನೆಮುಂದಿನ ಕಟ್ಟೆಯ ಮೇಲೆ ಕೂತು, ಓಣಿಯ ಹೆಂಗಸರಿಗೆಲ್ಲ ಕೇಳುವಂತೆ ಓದತೊಡಗಿದೆ. ಅಣ್ಣ ಒಳಗೆ ಬಾ ಎಂದರೂ ಏಳುತ್ತಿರಲಿಲ್ಲ.