ಮಣಿ ಬಿಚ್ಚಿದ ಜಾಗದ ತೂತುಗಳು

ಈ ವಾರವಿಡೀ ನನ್ನ ಮುಖದಲ್ಲಿ ನಗುವೋ ನಗು. ಕಾರಣ, ನಾನೇ ಮಾಡಿದ ತಪ್ಪು.

ನಾನು ಓದಿದ್ದು ಮೂರನೇ ಕ್ಲಾಸು. ಹರಿಹರದಲ್ಲಿ ಹಳೇ ಬಟ್ಟೆಯ ಕೌದಿ ಹೊಲಿಯುತ್ತಲೇ ಕೂದಲು ಬೆಳ್ಳಗಾಯಿತು. ಮೊಮ್ಮಗಳು ನನ್ನ ಜೊತೆಗಿದ್ದು, ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಎಂ.ಎಸ್ಸಿ. ಓದುತ್ತಾಳೆ. ಕ್ಲಾಸಿನಲ್ಲಿ ಎಲ್ಲರೆದುರು ನಿಂತು ವಿವರಿಸಲೆಂದು, ಬಿಳಿ ಬಟ್ಟೆಯ ಮೇಲೆ ಕೆಂಪು, ಹಸಿರು ಎರಡು ಉಲ್ಲನ್ ದಾರ ಜೋಡಿಸಿ ಹೊಲಿದು, ಉದ್ದಕ್ಕೆ ಮೂರೇ ಮೂರು ದಪ್ಪ ಮಣಿ ಕೂರಿಸಿದ್ದಳು. ಕೌದಿಯಲ್ಲಿ ಹೊಲಿಗೆ ಅಷ್ಟು ದೂರ ಬಿಟ್ಟರೆ ಒಂದೇ ಒಗೆತಕ್ಕೆ ಕಿತ್ತು ಬರುತ್ತದೆ. ಪಾಪ, ಪುರಸೊತ್ತಾಗಿಲ್ಲ ಎಂದುಕೊಂಡು, ಸಂಜೆ ಅವಳು ಗೆಳತಿಯ ಮನೆಗೆ ಹೋದಾಗ ಎರಡೆರಡು ಬೆರಳಗಲಕ್ಕೆ ಒಂದರಂತೆ ಮಣಿ ಹಾಕಿಬಿಟ್ಟೆ.

ಬೆಳಿಗ್ಗೆ ನೋಡಿದವಳೇ ಕೂಗಿದಳು. "ಅಯ್ಯೋ ಅಜ್ಜೀ, ಕೆಡಿಸಿಬಿಟ್ಟ್ಯಲ್ಲ! ಇವತ್ತೇ ತೋರಿಸ್ಬೇಕು!"

"ಗಟ್ಟಿ ಇರ್ಲಿ ಅಂತ ಹಾಕಿದೆ ಕಣವ್ವ."

"ಇದೇನು ಕೌದಿನಾ? ವರ್ಣತಂತು ಇದು. ಒಂದು ಅವ್ವನ ಕಡೆದು, ಒಂದು ಅಪ್ಪನ ಕಡೆದು. ಅಂಡಾಣು ತಯಾರಾಗಾಗ ಎರಡೂ ತುಂಡು ಅದಲು ಬದಲು ಮಾಡ್ಕೊಂತಾವೆ. ಆ ಜಾಗಾನೇ ಈ ಮಣಿ. ಒತ್ತೊತ್ತಾಗಿ ಇರಬಾರ್ದು!"

ಕಣ್ಣು ತುಂಬಿಕೊಂಡಿದ್ದಳು. ಕತ್ತರಿ ತಂದು ಇಬ್ಬರೂ ಬಿಚ್ಚಲು ಕೂತೆವು.

"ಅಲ್ಲವ್ವ, ಅಷ್ಟ್ ಸಣ್ಣ ಜಾಗದಾಗೆ ಅಳತೆ ಹಾಕೋರು ಯಾರು?"

"ಯಾರೂ ಇಲ್ಲಜ್ಜಿ. ಮೊದ್ಲು ಬಾಳ ಕಡೆ ಅದಲು ಬದಲು ಶುರುವಾಗುತ್ತೆ. ತಂತಿನುದ್ದಕ್ಕೂ ಒಂದು ಪ್ರೋಟೀನು ಹನಿ ಹನಿ ಕೂಡುತ್ತೆ. ದೊಡ್ಡ ಹನಿ ಅಕ್ಕಪಕ್ಕದ ಸಣ್ಣವನ್ನ ಬರಿದು ಮಾಡಿ ತಾನು ಬೆಳೀತೈತೆ. ದೊಡ್ಡ ಹನಿ ಉಳಿದ ಜಾಗದಾಗೇ ಅದಲು ಬದಲು ಪೂರ್ತಿಯಾಗೋದು, ಅದಕ್ಕೇ ಮಣಿ ದೂರ ದೂರ. ಗಿಡಗಳಾಗೆ ಹಿಂಗೆ ಅಂತಾರೆ."

"ಒಂದೂ ಉಳೀಲಿಲ್ಲ ಅಂದ್ರೆ?"

"ಜೋಡಿಗೆ ಒಂದಾದ್ರೂ ಬೇಕು. ಇಲ್ಲಾಂದ್ರೆ ಬೇರೆಯಾಗಾಗ ದಾರಿ ತಪ್ತಾವೆ."

ಮತ್ತೆ ಮೂರೇ ಮಣಿ ಉಳಿದವು. ಆದರೆ ನನ್ನದು ದಪ್ಪನೆಯ ಕೌದಿ ಸೂಜಿ. ಬಟ್ಟೆ ತುಂಬ ತೂತು. ಉಜ್ಜಿದರೂ ಮುಚ್ಚಲಿಲ್ಲ. ಹಾಗೇ ಮಡಚಿಕೊಂಡು ಬಸ್ಸಿಗೆ ಓಡಿದಳು. ಆ ದಿನ ನನಗೆ ಊಟ ಸೇರಲಿಲ್ಲ.

ಸಂಜೆ ಬಾಗಿಲಲ್ಲೇ ನನ್ನ ಕೊರಳಿಗೆ ಬಿದ್ದಳು. ಮೇಷ್ಟ್ರು, "ಈ ತೂತು ಏನಮ್ಮ?" ಅಂದರಂತೆ. ತೂತುಗಳನ್ನೇ ನೋಡುತ್ತಿದ್ದವಳಿಗೆ ಹೊಳೆಯಿತಂತೆ. "ಶುರುವಾಗಿ, ಮಣಿಯಾಗದೆ ಹೋದ ಜಾಗ ಸರ್. ಅವೇ ಜಾಸ್ತಿ, ಉಳಿಯೋದು ಕೆಲವೇ." ಮೇಷ್ಟ್ರು ಹುಡುಗರಿಗೆಲ್ಲ ಹತ್ತಿರ ಬಂದು ನೋಡಿ ಎಂದರಂತೆ. ಬಟ್ಟೆ ಈಗ ಅವರ ಕ್ಲಾಸಿನ ಗೋಡೆ ಮೇಲಿದೆ.

"ಇನ್ನೊಂದ್ಸಲ ಕೇಳ್ದೆ ಸೂಜಿ ಹಿಡೀಬ್ಯಾಡ" ಎಂದು ಗದರಿಸಿದಳು. ಹಿಡಿಯುವುದಿಲ್ಲ. ಆದರೆ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ: ಮಣಿ ಅವಳದು, ತೂತೆಲ್ಲ ನನ್ನದು.